ನಿಮ್ಮ ಮೇಜಿನ ಕೆಳಗೆ ಬೆಳೆದ ಹುಲ್ಲು

ಉದ್ಯಾನ ಮತ್ತು ಮೈದಾನಗಳ ಅಧಿಕಾರಿಗಳಿಗೆ, ಊರೆಲ್ಲ ಓದಲಿ ಎಂದು ಬರೆದದ್ದು

ಮಾನ್ಯರೇ,

ಮೂಳೆ ಆಸ್ಪತ್ರೆಯ ಎದುರಿನ ಮೈದಾನಕ್ಕೆ ನೀವು ಸೂರು ಹಾಕಿಸಿದ್ದೀರಿ. ಸೂರಿನ ಕೆಳಗೆ ಟ್ಯೂಬ್‌ಲೈಟು, ಟ್ಯೂಬ್‌ಲೈಟಿನ ಕೆಳಗೆ ಫ್ಯಾನು, ಫ್ಯಾನಿನ ಕೆಳಗೆ ಮೇಜು, ಮೇಜಿನ ಕೆಳಗೆ ಹುಲ್ಲು. ಇಷ್ಟೂ ವೈಭೋಗ ಆ ಹುಲ್ಲಿಗಾಗಿ. ಅದರ ಮೇಲೆ ನಡೆಯಬೇಕಾದವರು, ಅಂದರೆ ಕಾಲು ಸೊಂಟ ಮುರಿದುಕೊಂಡು ಮತ್ತೆ ನಡಿಗೆ ಕಲಿಯುತ್ತಿರುವವರು, ಹಗ್ಗದ ಬೇಲಿಯ ಹೊರಗೆ ಊರುಗೋಲು ಹಿಡಿದು ನಿಂತಿದ್ದಾರೆ. ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಬೇಲಿಗೂ ಕಾಂಪೌಂಡಿಗೂ ನಡುವೆ ಅವಳಿಗೆ ಉಳಿದಿರುವ ಒಂದು ಪಟ್ಟಿ ಹುಲ್ಲನ್ನೂ ಬರುವ ಸೋಮವಾರ ಬೇರುಸಹಿತ ಕೀಳಿಸುವುದಾಗಿ ನೋಟೀಸು ಅಂಟಿಸಿದ್ದೀರಿ. ಕೀಳಿಸಬೇಡಿ ಎಂದು ಕೇಳುವುದಕ್ಕೆ ಈ ಪತ್ರ. ಕಚೇರಿಗೆ ಬಂದು ಹೇಳೋಣವೆಂದರೆ ಅಲ್ಲಿ ಯಾರೂ ಇಲ್ಲ, ಎಲ್ಲರೂ ಮೈದಾನದಲ್ಲಿದ್ದಾರೆ. ಮೈದಾನಕ್ಕೆ ಬಂದು ಹೇಳೋಣವೆಂದರೆ ಹುಲ್ಲು ತುಳಿಯುವಂತಿಲ್ಲ. ಇನ್ನೆಲ್ಲಿ ಹೇಳಲಿ?

ಮೊದಲೇ ಒಂದು ಮಾತು. ಆ ಸೂರು ನನ್ನದು. ಶಾಮಿಯಾನ, ಕುರ್ಚಿ, ಮೇಜು, ಫ್ಯಾನು, ದೀಪ ಬಾಡಿಗೆಗೆ ಕೊಡುವವನು ನಾನೇ. ಒಂದು ಹರಿದ ಟಾರ್ಪಾಲಿನಿಂದ ಶುರು ಮಾಡಿ, ಯಾರ ಮದುವೆಯಲ್ಲಿ ಮಳೆ ಬರಬಹುದು ಎಂದು ಆಕಾಶ ನೋಡುತ್ತಾ ಮೇಲೆ ಬಂದವನು. ನಿಮ್ಮ ಹುಲ್ಲು ಹೀಗೇ ನರಳುತ್ತಿದ್ದರೆ ನನಗೆ ಲಾಭ; ಅದು ಸತ್ತರೆ ನಷ್ಟ, ಚೇತರಿಸಿಕೊಂಡರೆ ಇನ್ನೂ ನಷ್ಟ. ಲಾಭ ಬರುವ ಕಡೆ ಬಾಯಿಗೆ ಬೀಗ ಹಾಕಿಕೊಳ್ಳುವುದು ವ್ಯಾಪಾರದ ಮೊದಲ ಪಾಠ. ಕೂತ ಕೊಂಬೆಯನ್ನೇ ಕಡಿಯುವ ಪೆದ್ದ ನಾನಲ್ಲ ಎಂದು ಬೀದಿಗೆಲ್ಲ ಗೊತ್ತು. ಅಂಥವನೇ ಗರಗಸ ಹಿಡಿದಿದ್ದಾನೆ ಎಂದರೆ ವಿಷಯ ಎಲ್ಲಿಗೆ ಬಂದಿದೆ ಎಂದು ನೀವೇ ಲೆಕ್ಕ ಹಾಕಿ.

ಹುಲ್ಲಿನ ಬಗ್ಗೆ ನಿನಗೇನು ಗೊತ್ತು ಎಂದೂ ಕೇಳಬಹುದು. ಸ್ವಾಮಿ, ಹುಲ್ಲಿನ ಗುಣ ಬೆಳೆಸುವವರಿಗಿಂತ ಕೊಲ್ಲುವವರಿಗೆ ಚೆನ್ನಾಗಿ ತಿಳಿದಿರುತ್ತದೆ. ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕುತ್ತೇನೆ, ಸಮಾರಂಭ ಮುಗಿದ ಮೇಲೆ ಬಿಚ್ಚುತ್ತೇನೆ, ಅಡಿಯಲ್ಲಿ ಹುಲ್ಲು ಕಾಮಾಲೆ ಹಿಡಿದ ಹಾಗೆ ಬಿದ್ದಿರುತ್ತದೆ, ಮನೆಯ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನನ್ನ ವಂಶವನ್ನೆಲ್ಲ ಎತ್ತಿ ಆಡುತ್ತಾರೆ. ಬೈಸಿಕೊಂಡು ಬೈಸಿಕೊಂಡೇ ಕಲಿತದ್ದು: ಯಾವ ಹುಲ್ಲು ಬಿಸಿಲು ಕಂಡ ಕೂಡಲೇ ತಲೆಯೆತ್ತುತ್ತದೆ, ಯಾವುದು ಮುಖ ಗಂಟಿಕ್ಕಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ, ಯಾವುದು ನೆರಳಿದ್ದರೆ ಸಾಕು ಎನ್ನುತ್ತದೆ, ಯಾವುದು ನೆರಳು ಕಂಡರೆ ಸಾಯುತ್ತದೆ.

ಆ ಮೈದಾನದಲ್ಲಿ ಮೊದಲು ಇದ್ದದ್ದು ಗರಿಕೆ. ಯಾರೂ ನೆಟ್ಟದ್ದಲ್ಲ, ಯಾರೂ ಟೆಂಡರು ಕರೆದದ್ದಲ್ಲ. ಅಲ್ಲಲ್ಲಿ ಬೋಳು, ಅಲ್ಲಲ್ಲಿ ಕಳೆ, ಉಳಿದ ಕಡೆ ಚಾಪೆ ಹಾಸಿದ ಹಾಗೆ. ಬಿಸಿಲು ಏರಿದಷ್ಟೂ ಅದಕ್ಕೆ ಹುರುಪು. ತುಳಿದರೆ ಸಿಟ್ಟಾಗುವುದಿಲ್ಲ; ಮೇಲಕ್ಕೆ ಹೋಗುವುದನ್ನು ಬಿಟ್ಟು ಪಕ್ಕಕ್ಕೆ ಹರಡುತ್ತದೆ. ಅದಕ್ಕೆ ಆಗದಿರುವುದು ಎರಡೇ, ನೆರಳು ಮತ್ತು ಚಳಿ. ಚಳಿ ಬಿತ್ತೆಂದರೆ ಮೇಲಿನ ಹಸಿರನ್ನೆಲ್ಲ ಬಿಟ್ಟುಕೊಟ್ಟು, ಬೇರಿನಲ್ಲಿ ಜೀವ ಹಿಡಿದುಕೊಂಡು, ಹಳೆ ಗೋಣಿಚೀಲದ ಬಣ್ಣಕ್ಕೆ ತಿರುಗಿ ಕೂತುಬಿಡುತ್ತದೆ. ನಮ್ಮ ಸೋದರಮಾವನೂ ಹಾಗೆಯೇ ಇದ್ದ. ಚಳಿಗಾಲದಲ್ಲಿ ಕಂಬಳಿಯಿಂದ ಮೂಗು ಹೊರಗೆ ಹಾಕುತ್ತಿರಲಿಲ್ಲ. ಹಾಗೆಂದು ಮನೆಯವರು ಅವನನ್ನು ಎತ್ತಿ ಹೊರಗೆಸೆದು ಬೇರೆ ಸೋದರಮಾವನಿಗೆ ಟೆಂಡರು ಕರೆಯಲಿಲ್ಲ.

ನೀವು ತಪಾಸಣೆಗೆ ಬಂದದ್ದು ಸರಿಯಾಗಿ ಆ ಚಳಿಯಲ್ಲಿ. ಕೋಟಿನ ಗುಂಡಿ ಹಾಕಿಕೊಂಡು, ಗೇಟಿನ ಹತ್ತಿರವೇ ನಿಂತು, ‘ಇದು ಸತ್ತಿದೆ’ ಅಂದಿರಿ. ಜೊತೆಯಲ್ಲಿದ್ದವರು ‘ಹೌದು ಸಾರ್, ಚೆನ್ನಾಗಿ ಸತ್ತಿದೆ’ ಅಂದರು. ಒಬ್ಬರಾದರೂ ಬಗ್ಗಿ, ಉಗುರಿನಿಂದ ಒಂದು ಗೆಣ್ಣು ಕೆರೆದು ನೋಡಬಾರದಿತ್ತೇ? ಒಳಗೆ ಹಸಿರು ಕಾಣುತ್ತಿತ್ತು. ಬೇಸಿಗೆಯ ಹುಲ್ಲನ್ನು ಚಳಿಗಾಲದಲ್ಲಿ ಪರೀಕ್ಷಿಸುವುದೆಂದರೆ, ಗೊರಕೆ ಹೊಡೆಯುತ್ತಿರುವವನಿಗೆ ಮಗ್ಗಿ ಕೇಳಿ, ಉತ್ತರ ಬರಲಿಲ್ಲ, ದಡ್ಡ ಎಂದು ಬರೆದುಕೊಂಡ ಹಾಗೆ. ನೀವು ಬರೆದುಕೊಂಡಿರಿ. ಹೊಸ ತಳಿ ಆರಿಸಬೇಕೆಂದು ತೀರ್ಮಾನವಾಯಿತು.

ತಳಿ ಆರಿಸುವುದು ತಪ್ಪಲ್ಲ. ನರ್ಸರಿಗಳಿಂದ ತಟ್ಟೆಗಳಲ್ಲಿ ಮಾದರಿ ತರಿಸಿದ್ದೂ ಸರಿಯೇ. ಸಣ್ಣ ಎಲೆಯ ಸುಧಾರಿತ ಗರಿಕೆಗಳಿದ್ದವು, ದಿಂಬಿನ ಹಾಗೆ ದಟ್ಟವಾಗಿ, ಆದರೆ ಬಲು ನಿಧಾನವಾಗಿ ಬೆಳೆಯುವ ಜೋಯ್ಸಿಯಾ ಎನ್ನುವ ಹುಲ್ಲಿತ್ತು, ಮರದ ಬುಡದಲ್ಲಿ ಬೆಳೆಸುವ ಅಗಲ ಎಲೆಯ ನೆರಳು ಹುಲ್ಲೂ ಒಂದಿತ್ತು. ಎಲ್ಲವನ್ನೂ ಮಾಳಿಗೆಯ ಬಿಸಿಲಿನಲ್ಲಿಟ್ಟು ನೋಡಬೇಕೆಂದು ನಿಮ್ಮದೇ ಆದೇಶ. ಆದರೆ ಮಾಳಿಗೆಗೆ ಬಾಗಿಲಿಲ್ಲ. ಬಾಗಿಲಿಲ್ಲದ ಕಡೆ ಕಚೇರಿಯ ವಸ್ತು ಇಡುವಂತಿಲ್ಲ. ಯಾರಾದರೂ ಹೊತ್ತುಕೊಂಡು ಹೋದರೆ ಹೊಣೆ ಯಾರು? ಇಡೀ ಕಟ್ಟಡದಲ್ಲಿ ಬೀಗ ನೆಟ್ಟಗೆ ಬೀಳುವ ಕೋಣೆ ನಿಮ್ಮದೊಂದೇ. ನಿಮ್ಮ ಕೋಣೆಯಲ್ಲಿ ಖಾಲಿ ಜಾಗವೆಂದರೆ ಮೇಜಿನ ಕೆಳಗೆ ಮಾತ್ರ. ಹೀಗಾಗಿ ಸುಡುಬಿಸಿಲಿನ ಮೈದಾನಕ್ಕೆ ಬೇಕಾದ ಹುಲ್ಲಿನ ಪರೀಕ್ಷೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ನಿಮ್ಮ ಲೋಟದಲ್ಲಿ ಉಳಿದ ನೀರು ಕುಡಿದುಕೊಂಡು, ನಿಮ್ಮ ಪಾದದ ಬಳಿ ನಡೆಯಿತು.

ಇದು ಕೇಳಿದ ಮಾತಲ್ಲ, ಕಂಡದ್ದು. ವಾರ್ಷಿಕ ಸಭೆಯ ಕುರ್ಚಿಗಳ ವಿಷಯ ಮಾತಾಡಲು ನಿಮ್ಮೆದುರು ಕೂತಿದ್ದೆ. ಕಾಲಿಗೆ ಏನೋ ತಣ್ಣಗೆ ತಗುಲಿ ಬೆಚ್ಚಿಬಿದ್ದೆ.

‘ಹೆದರ್ಕೋಬೇಡಿ, ಅದು ಹುಲ್ಲು,’ ಅಂದಿರಿ. ‘ಪರೀಕ್ಷೆ ನಡೀತಿದೆ. ಮಿಕ್ಕವೆಲ್ಲ ಹೋದ್ವು. ಇದೊಂದು ಗಟ್ಟಿ ನಿಂತಿದೆ.’

ಬಗ್ಗಿ ನೋಡಿದೆ. ‘ನಿಂತಿಲ್ಲ ಸಾರ್, ಒರಗಿಕೊಂಡಿದೆ.’

‘ಸತ್ತಿಲ್ಲ ತಾನೆ?’

‘ಸತ್ತಿಲ್ಲ. ಬದುಕಿದೆ ಅನ್ನೋಕೂ ಆಗಲ್ಲ. ಇದು ನೆರಳಿನ ಜಾತಿ ಸಾರ್. ಮೈದಾನದಲ್ಲಿ ಒಂದು ಮರಾನೂ ಇಲ್ವಲ್ಲ?’

‘ನೋಡಿ, ನೀವು ಕುರ್ಚಿ ವಿಷಯ ಮಾತಾಡಿ.’

ನಾನು ಕುರ್ಚಿ ವಿಷಯ ಮಾತಾಡಿದೆ. ಆ ಹುಲ್ಲಿನ ಸಾಧನೆಯನ್ನು ನಾನೇನೂ ಹಗುರವಾಗಿ ಕಾಣುತ್ತಿಲ್ಲ. ನಿಮ್ಮ ಮೇಜಿನ ಮೇಲೆ ಇಟ್ಟ ಅರ್ಜಿಗಳೇ ಜೀವಸಹಿತ ಹೊರಗೆ ಬರುವುದು ಅಪರೂಪ. ಕೆಳಗೆ ಇಟ್ಟದ್ದು ಬಂತಲ್ಲ, ಅದಕ್ಕೊಂದು ನಮಸ್ಕಾರ.

ಆಮೇಲೆ ಟ್ರ್ಯಾಕ್ಟರು ತರಿಸಿ ಮೈದಾನವನ್ನು ಉಳುಮೆ ಮಾಡಿಸಿದಿರಿ. ಗರಿಕೆಯನ್ನು ಬುಡಮೇಲು ಮಾಡಿ ಅಗಲ ಎಲೆಯದ್ದನ್ನು ನೆಡಿಸಿದಿರಿ. ಬೇಸಿಗೆ ಬಂತು. ಅಧಿಕಾರಿಗಳ ಕೋಣೆಯಲ್ಲಿ ಬೆಳೆದ ಕೂಸು, ಬಿಸಿಲು ಎಂದರೇನೆಂದು ಕೇಳಿಯೂ ಗೊತ್ತಿರಲಿಲ್ಲ, ಅಂಚಿನಿಂದ ಒಳಕ್ಕೆ ಸುಟ್ಟ ಕಾಗದದ ಹಾಗೆ ಮುರುಟಿತು. ಆಗ ಕರೆದ ಸಭೆಗೆ ಕುರ್ಚಿ ಹಾಕಿದವನು ನಾನೇ ಆದ್ದರಿಂದ, ಅಲ್ಲಿ ಆಡಿದ ಮಾತು ನನ್ನ ಕಿವಿಯಲ್ಲಿದೆ. ನಿಮ್ಮ ಹಿರಿಯ ಗುಮಾಸ್ತರು ಎದ್ದು ನಿಂತು ಹೇಳಿದರು: ‘ಪರೀಕ್ಷೇಲಿ ಹುಲ್ಲು ಪಾಸಾಗಿದೆ ಸಾರ್. ಅಂದ್ಮೇಲೆ ತಪ್ಪು ಹುಲ್ಲಿಂದಲ್ಲ.’

‘ಮತ್ತೆ ಯಾರ್ದು?’ ಅಂದಿರಿ ನೀವು.

‘ಮೈದಾನದ್ದು.’

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಕೇಳಿದ್ದೆ. ನೆಲಕ್ಕೇ ನೋಟೀಸು ಕೊಟ್ಟು, ನೇರ ಮಾಡಿಸಲು ಹೊರಟವರನ್ನು ಅಂದೇ ಕಂಡದ್ದು. ‘ಪರೀಕ್ಷೆಯ ಸಮಯದಲ್ಲಿದ್ದ ಸ್ಥಿತಿಗತಿಗಳನ್ನು ಮೈದಾನದಲ್ಲಿ ಒದಗಿಸತಕ್ಕದ್ದು’ ಎಂದು ಠರಾವಾಯಿತು. ಕೋಣೆಗೆ ಸೂರಿತ್ತು, ಆದ್ದರಿಂದ ಶಾಮಿಯಾನ. ಸೂರು ಬಂದು ಕತ್ತಲಾಯಿತು, ಆದ್ದರಿಂದ ಟ್ಯೂಬ್‌ಲೈಟು. ಮುಚ್ಚಿದ ಜಾಗದಲ್ಲಿ ನೀರು ಹಾಯಿಸಿ ಹಾಯಿಸಿ ಬೂಷ್ಟು ಹಿಡಿಯಿತು, ಆದ್ದರಿಂದ ಫ್ಯಾನು. ಒಂದೊಂದಕ್ಕೂ ನನಗೇ ಕರೆ ಬಂತು, ಒಂದೊಂದನ್ನೂ ನಾನೇ ಒದಗಿಸಿದೆ. ಗಿರಾಕಿ ಹುಚ್ಚನಾದರೂ ಕುರ್ಚಿ ಗಟ್ಟಿಯಿರಬೇಕು ಎನ್ನುವುದು ನಮ್ಮ ವ್ಯವಹಾರ. ಇಷ್ಟಾದರೂ ಹುಲ್ಲು ಏಳಲಿಲ್ಲ. ವರದಿ ತಿರುವಿ ಹಾಕಿದಾಗ ‘ಮೇಜಿನ ಕೆಳಗೆ’ ಎಂಬ ಮಾತು ಕಣ್ಣಿಗೆ ಬಿತ್ತಂತೆ. ಮೇಜು ತರಿಸಿದಿರಿ. ಸಾಲು ಸಾಲಾಗಿ, ಮೈದಾನದ ಈ ತುದಿಯಿಂದ ಆ ತುದಿಗೆ.

ಖಾಲಿ ಮೇಜು ಕಂಡರೆ ಲೆಕ್ಕ ತಪಾಸಣೆಯವರು ಸುಮ್ಮನಿರುತ್ತಾರೆಯೇ? ಗುಮಾಸ್ತರನ್ನು ಕೂರಿಸಿದಿರಿ. ಅವರು ಹುಲ್ಲು ತುಳಿಯದೆ ಮೇಜು ಸೇರಲೆಂದು ಹಲಗೆ ಹಾಸಿದೆವು, ಹಲಗೆಯೂ ನನ್ನದೇ. ಗುಮಾಸ್ತರ ಹಿಂದೆ ಕಡತ ಬಂತು, ಕಡತದ ಹಿಂದೆ ಜನ ಬಂದರು. ಜನರಿಗೆ ಹಲಗೆ ಮಂಜೂರಾಗಿಲ್ಲ. ಮೊನ್ನೆ ಒಬ್ಬಾತ ತನ್ನ ಮನೆಯ ಮೇಲೆ ಬಾಗಿರುವ ಕೊಂಬೆ ಕಡಿಸಿಕೊಡಿ ಎಂದು ಬೇಲಿಯಾಚೆಯಿಂದ ಕೂಗಿದ. ಫ್ಯಾನಿನ ಸದ್ದಿನಲ್ಲಿ ಏನೂ ಕೇಳಿಸದೆ, ಅರ್ಜಿಯನ್ನು ಕಾಗದದ ರಾಕೆಟ್ ಮಾಡಿ ಎಸೆಯಿರಿ ಎಂದು ಗುಮಾಸ್ತರು ಸನ್ನೆ ಮಾಡಿದರು. ಪಾಪ, ಆತ ಎಸೆದ. ಅದು ಹುಲ್ಲಿನ ಮೇಲೆ ಬಿತ್ತು. ಎತ್ತಿಕೊಳ್ಳಬೇಕೆಂದರೆ ಹುಲ್ಲು ತುಳಿಯಬೇಕು. ಅರ್ಜಿ ಈಗಲೂ ಅಲ್ಲೇ ಇದೆ, ಕೊಂಬೆಯೂ ಅಲ್ಲೇ ಇದೆ.

ಇಲ್ಲಿಯವರೆಗೂ ನಾನು ನಗುತ್ತಲೇ ಇದ್ದೆ. ಇನ್ನು ಅಕ್ಕನ ವಿಷಯ.

ಅಕ್ಕ ಹೊಲಿಗೆಯವಳು. ಅಂಗಡಿಯಲ್ಲಿ ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಬಟ್ಟೆಯ ಸುರುಳಿ ಇಳಿಸುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸರಳು ಹಾಕಿದರು. ಮೂಳೆ ಕೂಡಿತು ಎಂದರು, ಫೋಟೋ ತೋರಿಸಿದರು. ಆದರೆ ಅವಳು ಗೋಡೆ ಬಿಡುತ್ತಿಲ್ಲ. ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ, ಅಂಗೈಯನ್ನು ಗೋಡೆಗೆ ಒತ್ತಿಕೊಂಡೇ ಹೋಗುತ್ತಾಳೆ. ಅವಳ ಅಂಗೈ ಸವರಿ ಸವರಿ ನಮ್ಮ ಮನೆಯ ಸುಣ್ಣದ ಗೋಡೆಯ ಉದ್ದಕ್ಕೂ ಒಂದು ಕಪ್ಪು ಪಟ್ಟೆ ಎದ್ದಿದೆ. ಬಾಗಿಲು ಬಂದಲ್ಲಿ ಪಟ್ಟೆ ನಿಲ್ಲುತ್ತದೆ. ಅಲ್ಲಿ ಅವಳೂ ನಿಲ್ಲುತ್ತಾಳೆ, ಯಾರಾದರೂ ಕೈ ಕೊಡುವವರೆಗೆ. ಊರಿನ ಅರ್ಧ ಜನರ ಅಳತೆ ಬಾಯಲ್ಲೇ ಹೇಳುವವಳು, ಒಂದು ಬಾಗಿಲಿನ ಅಗಲ ದಾಟಲಾರದೆ ನಿಂತಿರುತ್ತಾಳೆ.

ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಡಾಕ್ಟರಮ್ಮನ ಪದ್ಧತಿ ವಿಚಿತ್ರ. ಅವರು ಮೊದಲ ದಿನ ಯಾರನ್ನೂ ನಡೆಸುವುದಿಲ್ಲ, ಬೀಳಿಸುತ್ತಾರೆ. ಮೈದಾನಕ್ಕೆ ಕರೆತಂದು, ಮೊಣಕಾಲು ಮಡಿಸಿ, ಪಕ್ಕಕ್ಕೆ ವಾಲಿ, ಮೆತ್ತಗೆ ಬೀಳುವುದನ್ನು ಕಲಿಸುತ್ತಾರೆ. ‘ಇವರ ಮೂಳೆ ಕೂಡಿದೆ, ಧೈರ್ಯ ಕೂಡಿಲ್ಲ,’ ಎಂದು ಅಕ್ಕನನ್ನು ನೋಡಿ ನನಗೆ ಹೇಳಿದರು. ‘ಬಿದ್ರೆ ಏನಾಗುತ್ತೆ ಅಂತ ಕಾಲಿಗೆ ಗೊತ್ತಾಗ್ಬೇಕು. ಅದಕ್ಕೆ ಬೀಳೋಕೆ ಒಂದು ಒಳ್ಳೆ ಜಾಗ ಬೇಕು.’ ಬೀಳುವುದಕ್ಕೆ ಒಳ್ಳೆಯ ಜಾಗ ಎಂದರೆ ಗರಿಕೆ. ಎಷ್ಟು ಜನ ಬಿದ್ದರೂ ಮಾರನೆಯ ವಾರಕ್ಕೆ ಎದ್ದಿರುತ್ತಿತ್ತು. ಎಷ್ಟೋ ಜನ ಅಲ್ಲಿ ಬಿದ್ದು, ಎದ್ದು, ಮನೆಗೆ ನಡೆದುಕೊಂಡು ಹೋದರು. ಅಕ್ಕನ ಸರದಿ ಬರುವ ಹೊತ್ತಿಗೆ ನಿಮ್ಮ ಟ್ರ್ಯಾಕ್ಟರು ಬಂದಿತ್ತು.

ಆದರೂ ಒಂದು ದಿನ ಕರೆದುಕೊಂಡು ಬಂದೆ. ಹಲಗೆಯ ಮೇಲಿದ್ದ ಗುಮಾಸ್ತರು ಕೈ ಅಡ್ಡ ಹಿಡಿದರು.

‘ಅಮ್ಮಾ, ಹುಲ್ಲು ತುಳಿಯೋ ಹಾಗಿಲ್ಲ.’

‘ತುಳಿಯಲ್ಲಪ್ಪ, ಬೀಳ್ತೀನಿ,’ ಅಂದಳು ಅಕ್ಕ.

‘ಬೀಳೋದಕ್ಕೂ ಇಲ್ಲ.’

‘ನೀವು ನಿಂತಿದೀರಲ್ಲ?’

‘ನಾನು ಹಲಗೆ ಮೇಲೆ ನಿಂತಿದೀನಿ.’

‘ಅಂಥದೇ ಸ್ಟೂಲಿನ ಹಲಗೆ ಹತ್ತಿ ಬಿದ್ದವಳಪ್ಪ ನಾನು. ಹುಷಾರು.’

ಅವರೇನು ಕೆಟ್ಟವರಲ್ಲ. ಒಂದು ಗಳಿಗೆ ಯೋಚಿಸಿ, ‘ಒಂದು ಕೆಲಸ ಮಾಡಿ. ನಮ್ಮ ಕಚೇರಿ ಕಟ್ಟಡ ಪೂರ್ತಿ ಖಾಲಿ ಇದೆ. ಅಲ್ಲಿ ಹೋಗಿ ಎಷ್ಟು ಬೇಕಾದ್ರೂ ನಡೀರಿ, ಯಾರೂ ಕೇಳಲ್ಲ,’ ಅಂದರು. ಅಂದರೆ, ಮಾನ್ಯರೇ, ಹುಲ್ಲು ಕಚೇರಿಯಲ್ಲಿ ಬೆಳೆದದ್ದರಿಂದ ಕಚೇರಿ ಮೈದಾನಕ್ಕೆ ಬಂತು. ಕಚೇರಿ ಮೈದಾನಕ್ಕೆ ಬಂದದ್ದರಿಂದ ಮೈದಾನದವರು ಕಚೇರಿಗೆ ಹೋಗಬೇಕು. ಹೋಗಿಯೂ ನೋಡಿದೆವು. ನುಣ್ಣಗೆ ಉಜ್ಜಿದ ಟೈಲ್ಸು, ಮುಖ ಕಾಣುತ್ತದೆ. ಅಕ್ಕ ಬಾಗಿಲಿನಲ್ಲೇ ನಿಂತು ಅದನ್ನು ನೋಡಿದಳು, ಬಾವಿಯೊಳಗೆ ಇಣುಕಿದ ಹಾಗೆ. ‘ನಡಿಯೋ ಮನೆಗೆ,’ ಅಂದಳು. ದಾರಿಯಲ್ಲಿ ಇನ್ನೊಂದು ಮಾತು ಅಂದಳು: ‘ಊರಿಗೆಲ್ಲ ನೆರಳು ಮಾಡ್ತೀಯ. ನನ್ನ ಪಾಲಿನ ಬಿಸಿಲಿಗೂ ಬಟ್ಟೆ ಹೊದಿಸಿದೀಯಲ್ಲೋ.’ ನಾನು ಬಾಯಿಬಡುಕ ಎಂದು ಹೆಸರಾದವನು. ಅಂದು ಮನೆ ಬರುವವರೆಗೂ ಮಾತು ಸಿಗಲಿಲ್ಲ.

ಈಗ ಆ ಪಟ್ಟಿಯ ವಿಷಯ. ನನ್ನ ಶಾಮಿಯಾನದ ಅಂಚಿಗೂ ಕಾಂಪೌಂಡಿಗೂ ನಡುವೆ, ಇಬ್ಬರು ಜೊತೆಯಾಗಿ ಹೋಗುವಷ್ಟು ಅಗಲದ ಜಾಗವಿದೆ. ಬಟ್ಟೆ ಅಲ್ಲಿಗೆ ಎಟುಕಲಿಲ್ಲ, ಬಿಸಿಲು ಬೀಳುತ್ತದೆ. ಅಲ್ಲಿ ಗರಿಕೆ ಎದ್ದಿದೆ. ಗರಿಕೆಯನ್ನು ಉಳುಮೆ ಮಾಡಿ ಕೊಲ್ಲುತ್ತೇನೆ ಎನ್ನುವವರು ನೀವೊಬ್ಬರೇ. ಅದರ ಗೆಣ್ಣು ತುಂಡಾದಷ್ಟೂ ತುಂಡಿಗೊಂದು ಗಿಡ. ನಿಮ್ಮ ಟ್ರ್ಯಾಕ್ಟರಿನಷ್ಟು ಚೆನ್ನಾಗಿ ಅದನ್ನು ಇನ್ಯಾರೂ ಬಿತ್ತುತ್ತಿರಲಿಲ್ಲ. ಡಾಕ್ಟರಮ್ಮ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮಡಿಸು, ವಾಲು, ಬಿಡು ಅಂದರು. ಅಕ್ಕ ಬಿದ್ದಳು. ಬಿದ್ದಲ್ಲೇ ಸ್ವಲ್ಪ ಹೊತ್ತು ಆಕಾಶ ನೋಡುತ್ತಾ ಮಲಗಿದ್ದಳು. ‘ಏನೂ ಆಗಿಲ್ಲ ಕಣೋ,’ ಅಂದಳು ಕೊನೆಗೆ, ಯಾರೋ ಮೋಸ ಮಾಡಿದ್ದಾರೆ ಎನ್ನುವ ದನಿಯಲ್ಲಿ. ‘ಇಷ್ಟೇನಾ?’

ಅಂದಿನಿಂದ ದಿನಾ ಬೆಳಗ್ಗೆ ಹೋಗುತ್ತಾಳೆ. ಕಾಂಪೌಂಡಿನ ಪಕ್ಕದಲ್ಲೇ ನಡೆಯುತ್ತಾಳೆ. ಮೊದಲು ಇಡೀ ಅಂಗೈ ಗೋಡೆಯ ಮೇಲಿರುತ್ತಿತ್ತು. ಆಮೇಲೆ ಬೆರಳುಗಳು. ಈಗ ಒಂದೇ ಬೆರಳಿನ ತುದಿ, ಬಟ್ಟೆಯ ನೇಯ್ಗೆ ನೋಡುವಾಗ ಸವರುತ್ತಾಳಲ್ಲ, ಹಾಗೆ. ಆ ಒಂದು ತುದಿ ಬಿಡಬೇಕು, ಅಷ್ಟೇ ಬಾಕಿ.

ಅಷ್ಟರಲ್ಲಿ ನಿಮ್ಮ ನೋಟೀಸು. ‘ಅನಧಿಕೃತವಾಗಿ ಬೆಳೆದಿರುವ ಹುಲ್ಲು ಆಯ್ಕೆಯಾದ ತಳಿಗೆ ಹರಡುವ ಸಂಭವವಿರುವುದರಿಂದ ಬೇರುಸಹಿತ ತೆಗೆಯಲಾಗುವುದು.’ ನಿಶ್ಚಿಂತೆಯಿಂದಿರಿ ಮಾನ್ಯರೇ, ನಿಮ್ಮ ಸೂರಿನಡಿಗೆ ಹೋಗಿ ಬದುಕುವ ಆಸೆ ಗರಿಕೆಗಿಲ್ಲ. ಅದಕ್ಕೆ ಬಿಸಿಲು ಬೇಕು; ನಿಮ್ಮಲ್ಲಿ ಅದೊಂದನ್ನು ಬಿಟ್ಟು ಎಲ್ಲವೂ ಇದೆ. ಅಲ್ಲ, ಒಂದು ಮಾತು ಕೇಳುತ್ತೇನೆ: ಕರೆದು, ಆರಿಸಿ, ನೆಟ್ಟು, ದೀಪ ಹಚ್ಚಿ, ಗಾಳಿ ಹಾಕಿ, ಕಾವಲು ಕೂತರೂ ಏಳದ್ದು ಅಧಿಕೃತ, ಯಾರೂ ಕೇಳದೆ ಎದ್ದು, ಬಿದ್ದವರನ್ನು ಹಿಡಿಯುವುದು ಅನಧಿಕೃತ. ಈ ಲೆಕ್ಕ ಯಾವ ಶಾಲೆಯದು?

ಗರಿಕೆಯ ಆರೈಕೆಗೆ ನಿಮ್ಮ ಇಡೀ ಕಚೇರಿ ಬೇಕಾಗಿಲ್ಲ. ನೀರು ಕೊಟ್ಟರೆ ಬೇರು ನೆನೆಯುವ ಹಾಗೆ ಬೆಳಗ್ಗೆ ಒಮ್ಮೆ ಚೆನ್ನಾಗಿ ಕೊಡಿ, ಮೇಲ್ಮಣ್ಣು ಒಣಗುವವರೆಗೆ ಸುಮ್ಮನಿರಿ. ದಿನಾ ಚಿಮುಕಿಸಿದರೆ ಬೇರು ಸೋಮಾರಿಯಾಗಿ ಮೇಲೇ ಕೂರುತ್ತದೆ. ಕತ್ತರಿಸುವ ಯಂತ್ರದ ಅಲಗು ಚೂಪಾಗಿರಲಿ, ಗಿಡ್ಡಕ್ಕೆ ಕತ್ತರಿಸಿ, ಆದರೆ ಒಂದೇ ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ಗೊಬ್ಬರ ಹಾಕುವುದಿದ್ದರೆ ಬೆಚ್ಚಗಿನ ದಿನಗಳಲ್ಲಿ ಹಾಕಿ. ಬೋಳಾದ ಕಡೆ ಪಕ್ಕದ್ದೇ ಒಂದು ಎಳೆ ತಂದು ಊರಿ. ಚಳಿಗಾಲದಲ್ಲಿ ಕಂದಿದರೆ ಗಾಬರಿಯಾಗಬೇಡಿ. ನೀವೂ ಕೋಟು ಹಾಕಿಕೊಳ್ಳುತ್ತೀರಿ. ಇಷ್ಟೇ. ನಿಮ್ಮ ಅಗಲ ಎಲೆಯದ್ದನ್ನೂ ಎಸೆಯಬೇಡಿ, ಅದರದ್ದೇನೂ ತಪ್ಪಿಲ್ಲ. ಆಸ್ಪತ್ರೆಯ ಹಿಂದೆ ಮರಗಳ ಸಾಲಿದೆ. ಅಲ್ಲಿ ಹಾಕಿ, ಹಾಯಾಗಿರುತ್ತದೆ.

ನನ್ನ ಬೇಡಿಕೆ ಎರಡು. ಶಾಮಿಯಾನದ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸಿ ಎಂದು ನೀವು ಕೇಳಬೇಡಿ, ಕೇಳಿದರೆ ವ್ಯಾಪಾರಿಯ ಬುದ್ಧಿ ಎಲ್ಲಿ ಹೂಂ ಅಂದುಬಿಡುತ್ತದೋ ಎಂದು ನನಗೇ ಭಯ. ನನ್ನ ಬಟ್ಟೆ ನಾನು ಬಿಚ್ಚಿಕೊಂಡು ಹೋಗುತ್ತೇನೆ, ನೆಲಕ್ಕೆ ಬಿಸಿಲು ಬೀಳಲಿ. ಎರಡನೆಯದು, ಸೋಮವಾರ ಆ ಪಟ್ಟಿಯನ್ನು ಮುಟ್ಟಿಸಬೇಡಿ. ನನ್ನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಭಾನುವಾರ ಬೆಳಗ್ಗೆ ಬನ್ನಿ, ಚಪ್ಪಲಿ ಹೊರಗೆ ಬಿಟ್ಟು ಪಟ್ಟಿಯ ಆ ತುದಿಯಲ್ಲಿ ನಿಲ್ಲಿ. ಈ ತುದಿಯಿಂದ ಅಕ್ಕ ಹೊರಡುತ್ತಾಳೆ. ಗೋಡೆಯಿಂದ ಬೆರಳು ತೆಗೆದರೂ ತೆಗೆದಾಳು, ತೆಗೆಯದಿದ್ದರೂ ಇದ್ದಾಳು. ನೀವು ಕೈ ಚಾಚಬೇಡಿ, ಅವಳಿಗೆ ಸಿಟ್ಟು ಬರುತ್ತದೆ. ಬಿದ್ದರೆ ಹಿಡಿಯಲು ಕೆಳಗೆ ಹುಲ್ಲಿದೆ. ನೀವು ನೋಡುತ್ತಾ ನಿಂತಿದ್ದರೆ ಸಾಕು.

ಇಂತಿ,
ನಿಮ್ಮ ಹುಲ್ಲಿಗೆ ನೆರಳು ಕೊಟ್ಟು ಉಂಡವನು,
ಅಕ್ಕನ ಎದುರು ಮಾತು ಸೋತ ತಮ್ಮ,
ಶಾಮಿಯಾನದವನು